ಕಥಿ ಹೇಳೋದು ಆ ಡಾಕ್ಟರ್ ಅಲ್ರೀ

ಸಂಪಾದಕರಿಗೆ ನಮಸ್ಕಾರ,

ಹೋದ ರವಿವಾರದ ಪುರವಣಿಯಾಗ ಮಾರ್ಟಿನ್ ಏಮಿಸ್ ಬರೆದ ‘ಟೈಮ್ಸ್ ಆ್ಯರೋ’ ಕಾದಂಬರಿ ಬಗ್ಗೆ ಬಂದ ಲೇಖನ ಓದಿದೆ. 1991ರ ಇಂಗ್ಲಿಷ್ ಪುಸ್ತಕಕ್ಕ ಈಗ ಅರ್ಧ ಪುಟ ಕೊಟ್ರಲ್ಲ, ಅದಕ್ಕ ಮೊದಲು ಥ್ಯಾಂಕ್ಸ್. ಆದ್ರ ಬರದವರು ಒಂದು ಕಡೆ ಎಡವ್ಯಾರ. ನಾಜಿ ಡಾಕ್ಟರು ತನ್ನ ಕಥಿ ತಾನ ಉಲ್ಟಾ ಹೇಳಿ, ಕೊಂದದ್ದನ್ನ ಬದುಕಿಸಿದ್ದು ಅಂತ ತೋರಿಸಿ ಪಾಪ ತೊಳಕೊಳ್ತಾನ, ಇದು ಸತ್ತವರಿಗೆ ಅವಮಾನ ಅಂತ ಬರದಾರ. ಅಲ್ರೀ, ಕಥಿ ಹೇಳೋದು ಅವ ಅಲ್ಲ. ಅವನೊಳಗ ಕುಂತ ಇನ್ನೊಂದು ಜೀವ, ಆತ್ಮ ಅನ್ರಿ ಏನರ ಅನ್ರಿ, ಅದಕ್ಕ ಕಾಲ ಹಿಂದಕ್ಕ ಓಡಾಕತ್ತೈತಿ ಅನ್ನೋದೂ ಗೊತ್ತಿಲ್ಲ, ಅವ ಏನು ಮಾಡಿ ಬಂದಾನ ಅಂತಲೂ ಗೊತ್ತಿಲ್ಲ, ಸ್ಟೇರಿಂಗಂತೂ ಕೈಯಾಗ ಇಲ್ಲವ ಇಲ್ಲ.

ತೊಂಬತ್ತರ ದಶಕದಾಗ ದುರ್ಗದಬೈಲ ಹತ್ರ ನಂದೊಂದು ವಿಡಿಯೋ ಕ್ಯಾಸೆಟ್ ಅಂಗಡಿ ಇತ್ತು. ರಿವೈಂಡ್ ಮಾಡದ ತಂದ್ರ ಎರಡು ರೂಪಾಯಿ ದಂಡ, ಯಾರೂ ಕೊಡ್ತಿರಲಿಲ್ಲ, ನಾನ ಮಾಡ್ಕೋತಿದ್ದೆ. ಟಿವಿ ಹಚ್ಚಿಟ್ಟು ರಿವೈಂಡ್ ಒತ್ತಿದ್ರ ಬಿದ್ದಾವ ಎದ್ದು ನಿಲ್ತಿದ್ದ, ಅಂಗಿ ಮ್ಯಾಲಿನ ರಕ್ತ ಒಳಗ ಹೋಗ್ತಿತ್ತು, ವಿಲನ್ನು ಗುಂಡು ವಾಪಸ್ ಪಿಸ್ತೂಲಿನಾಗ ಜಗ್ಗೊಂಡು ಹಿಂದಹೆಜ್ಜಿ ಹಾಕ್ಕೊಂತ ಮನಿ ಬಿಟ್ಟು ಹೋಗ್ತಿದ್ದ. ನನ್ನ ಮಗಗ ಆವಾಗ ನಾಕು ವರ್ಷ, ಆ ಪಿಚ್ಚರು ನೋಡಿರಲಿಲ್ಲ, ‘ಅಪ್ಪಾ, ಈ ಮೀಶಿ ಮಾಮಾ ಭಾಳ ಛಲೋ ಅದಾನ’ ಅಂದ. ಏಮಿಸ್‌ನ ನಿರೂಪಕ ಅಂದ್ರ ಆ ಹುಡುಗ.

ಅಮೆರಿಕದಾಗ ಮುದುಕ ಟಾಡ್ ಫ್ರೆಂಡ್ಲಿ, ಅಂದ್ರ ಹೆಸರು ಬದಲಿಸಿಕೊಂಡ ಆ ಡಾಕ್ಟರ್, ಸಾಯೋದರಿಂದ ಕಥಿ ಶುರು, ಅಲ್ಲಿಂದ ಎಲ್ಲಾ ಹಿಂದಕ್ಕ ಓಡ್ತದ. ದವಾಖಾನಿಗೆ ನೆಟ್ಟಗಿದ್ದವರು ಬರ್ತಾರ, ಡಾಕ್ಟರುಗಳು ಬ್ಯಾಂಡೇಜ್ ಬಿಚ್ಚಿ ಗಾಯ ತೆರೆದು ರಕ್ತ ಸುರಿಯೋ ಹಂಗ ಮಾಡಿ ಹೊರಗ ಕಳಸ್ತಾರ, ನಿರೂಪಕಗ ಹೇಸಿಗಿ. ಟ್ಯಾಕ್ಸಿದು ಒಂದು ಮಜಾ ಐತಿ: ಹತ್ತಿದ ಕೂಡಲೆ ಡ್ರೈವರನ ರೊಕ್ಕಾ ಕೊಡ್ತಾನ, ಇಳಿದ ಮ್ಯಾಲೆ ನಾವು ಥ್ಯಾಂಕ್ಸ್ ಅಂತ ರಸ್ತೆದಾಗ ಭಾಳ ಹೊತ್ತು ಕೈ ಬೀಸ್ಕೊಂತ ನಿಲ್ತೀವಿ. ನಮ್ಮ ಆಟೋದವರಿಗೆ ಓದಿ ಹೇಳಬೇಕು. ಮೊದಮೊದಲು ಇಂಥ ಜೋಕು ಸ್ವಲ್ಪ ಜಾಸ್ತಿನ ಆದವು, ಒಪ್ತೀನಿ.

ಆಮ್ಯಾಲೆ ಹೆಸರು ಬದಲಾಗಿ ಬದಲಾಗಿ, ಪೋರ್ಚುಗಲ್ ದಾಟಿ, ನಾಜಿಗಳು ಯಹೂದಿಗಳನ್ನ ಗುಂಪುಗುಂಪಾಗಿ ಕೊಂದ ಕ್ಯಾಂಪು ಆಶ್ವಿಟ್ಜ್‌ಗೆ ಬರೋವಾಗ ಅವ ಒಡಿಲೊ ಉನ್‌ವೆರ್ಡೋರ್ಬೆನ್. ಜರ್ಮನ್‌ದಾಗ ‘ಟೋಡ್’, ಅದ ನಮ್ಮ ಟಾಡ್, ಅಂದ್ರ ಸಾವು, ‘ಉನ್‌ವೆರ್ಡೋರ್ಬೆನ್’ ಅಂದ್ರ ಕೆಡದಾವ. ಹೆಸರಿಡೋದ್ರಾಗ ಇಷ್ಟು ಚುಚ್ಚೋ ಮನಷ್ಯಾ ಕೊಲೆಗಾರನ್ನ ಮಾಫ್ ಮಾಡ್ತಾನೇನ್ರಿ? ಅಲ್ಲಿ ಹೊಗಿ ಆಕಾಶದಿಂದ ಇಳಿದು ಮನಷ್ಯಾರಾಗ್ತಾರ, ಡಾಕ್ಟರ್ ತಾ ಕೂಡಿಟ್ಟ ಬಂಗಾರ ತಂದು ಅವರ ಹಲ್ಲಿಗೆ ತುಂಬತಾನ, ಗಂಡ ಹೆಂಡತಿ ಮಕ್ಕಳು ಒಂದಾಗಿ ರೈಲು ಹತ್ತಿ ಊರಿಗೆ ಹೋಗ್ತಾರ. ನಿರೂಪಕಗ ಈಗ ಜಗತ್ತು ಸರಿ ಆತು ಅನಸ್ತದ. ನಾ ಮಾತ್ರ ಆ ಹಲ್ಲಿನ ಬಗ್ಗೆ ಇರೋ ಸಾಲು ಓದಿ ಪುಸ್ತಕ ಮುಚ್ಚಿ ಹೊರಗ ಕಟ್ಟಿ ಮ್ಯಾಲೆ ಹೋಗಿ ಕುಂತೆ. ಯಾಕಂದ್ರ ಓದೋರು ಪ್ರತಿ ಸಾಲನ್ನೂ ಮನಸ್ಸಿನಾಗ ಮತ್ತ ತಿರುವಿ ಹಾಕಬೇಕು, ಬಂಗಾರ ಕಿತ್ತ ಕೈ ಯಾರದು ಅಂತ ನಾವ ಹೇಳ್ಕೋಬೇಕು, ಬರದಾವ ಹೇಳಂಗಿಲ್ಲ.

ಒಬ್ಬನೊಳಗ ಇಬ್ಬರು ಅನ್ನೋದು ಬರೇ ಗಿಮಿಕ್ಕೂ ಅಲ್ಲ. ಅಮೆರಿಕದ ಮನೋವೈದ್ಯ ರಾಬರ್ಟ್ ಜೇ ಲಿಫ್ಟನ್ ಖರೇ ನಾಜಿ ಡಾಕ್ಟರುಗಳನ್ನ ಕಂಡು ಮಾತಾಡಿಸಿ 1986ರಾಗ ಪುಸ್ತಕ ತಂದ್ರು: ರೈಲಿನಿಂದ ಇಳಿದವರಾಗ ದುಡಿಯಾಕ ಯಾರು ಸಾಯಾಕ ಯಾರು ಅಂತ ಆರಿಸಿದಾವನ ರಜೆಗೆ ಮನಿಗೆ ಹೋದ್ರ ಒಳ್ಳೆ ಅಪ್ಪ. ಇದರ ಋಣ ಏಮಿಸ್ ತಾನ ಒಪ್ಪಿಕೊಂಡಾನ, ಪುಸ್ತಕದ ಕೊನಿಗೆ ಐತಿ ನೋಡ್ರಿ.

ಲೇಖಕರಿಗೆ ಬೇಕಂದ್ರ ನನ್ನ ಪ್ರತಿ ಕಳಸ್ತೀನಿ, ಸುಭಾಸ ರಸ್ತೆದಾಗ ಸೆಕೆಂಡ್ ಹ್ಯಾಂಡ್ ತೊಗೊಂಡಿದ್ದು, ನಡುವ ಎರಡು ಪುಟಕ್ಕ ಚಹಾದ ಕಲೆ ಐತಿ. ಓದಿ ವಾಪಸ್ ಕೊಟ್ರ ಸಾಕು, ರಿವೈಂಡ್ ಮಾಡೋದೇನ್ ಬ್ಯಾಡ.

– ನಿಮ್ಮ ಓದುಗ, ಹಳೇ ಹುಬ್ಬಳ್ಳಿ