ಪಕ್ಕದಲ್ಲಿ ಕೂರುವವರಿಗೆ ಎಷ್ಟು ಕೊಡಬೇಕು?

ಮಾನ್ಯ ಸಂಪಾದಕರೇ,

ಸಾವಿನ ಹೊತ್ತಿನಲ್ಲಿ ರೋಗಿಯ ಜೊತೆ ಇರುವುದಕ್ಕೆ ಅಮೆರಿಕದಲ್ಲಿ ‘ಡೌಲಾ’ ಎಂಬುವವರು ಸಿಗುತ್ತಾರೆ, ಗಂಟೆ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುತ್ತಾರೆ ಎಂದು ಭಾನುವಾರದ ಪುರವಣಿಯಲ್ಲಿ ಓದಿದೆ. ಮನೆಯಲ್ಲಿ ಎಲ್ಲರೂ ನಕ್ಕರು. ‘ಇದಕ್ಕೂ ಬಾಡಿಗೆ ಜನ ಬಂದ್ರಾ?’ ನನಗೆ ನಗು ಬರಲಿಲ್ಲ. ಹೋದ ವರ್ಷ ನಮ್ಮತ್ತೆ ತೀರಿಕೊಂಡರು. ಆಗ ನಾವೂ ದುಡ್ಡು ಕೊಟ್ಟಿದ್ದೆವು. ಯಾತಕ್ಕೆ ಕೊಟ್ಟೆವು ಅನ್ನುವುದೇ ನನಗೆ ಇನ್ನೂ ಸರಿಯಾಗಿ ತಿಳಿದಿಲ್ಲ.

ಅತ್ತೆಗೆ 81 ವರ್ಷ. ಲಿವರ್ ಕ್ಯಾನ್ಸರ್. ಡಾಕ್ಟರು ಒಂದು ದಿನ ನಮ್ಮ ಯಜಮಾನರನ್ನು ಪಕ್ಕಕ್ಕೆ ಕರೆದು, ‘ಇನ್ನು ಮನೆಗೆ ಕರ್ಕೊಂಡು ಹೋಗಿ, ಏನು ಕೇಳ್ತಾರೋ ಅದನ್ನ ತಿನ್ನೋಕೆ ಕೊಡಿ’ ಅಂದರು. ಈ ಮಾತಿನ ಅರ್ಥ ಯಾರಿಗೆ ಗೊತ್ತಿಲ್ಲ? ಆದರೆ ಮನೆಗೆ ಬಂದ ಮೇಲೆ ಏನಾಗುತ್ತೆ, ನಾವೇನು ಮಾಡಬೇಕು ಅಂತ ಯಾರೂ ಹೇಳಲಿಲ್ಲ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಆರು ಮಾತ್ರೆಗಳ ಹೆಸರಿತ್ತು, ಅಷ್ಟೇ.

ಹೋಮ್ ನರ್ಸ್ ಕಳಿಸುವ ಒಂದು ಏಜೆನ್ಸಿಗೆ ಫೋನ್ ಮಾಡಿದೆವು. 24 ಗಂಟೆ ಮನೆಯಲ್ಲೇ ಇರುವವರು ಬೇಕಾದರೆ ತಿಂಗಳಿಗೆ 28,000 ರೂಪಾಯಿ, ರಿಜಿಸ್ಟ್ರೇಶನ್ 3,000, ಎಲ್ಲ ಮುಂಗಡ. ಬಂದವಳು ರಾಯಚೂರು ಕಡೆಯ 22 ವರ್ಷದ ಹುಡುಗಿ. ನರ್ಸಿಂಗ್ ಓದಿದವಳಲ್ಲ. ಡೈಪರ್ ಬದಲಾಯಿಸುವುದು, ಬೆನ್ನು ಒರೆಸಿ ಮಗ್ಗುಲು ತಿರುಗಿಸುವುದು, ಇದೆಲ್ಲ ಚೊಕ್ಕವಾಗಿ ಮಾಡುತ್ತಿದ್ದಳು. ತನ್ನ ಕೈಗೆ ಬರುವುದು 15,000 ಅಂತ ಮೂರನೇ ದಿನ ಗಂಜಿ ಪಾತ್ರೆ ತೊಳೆಯುತ್ತಾ ಹೇಳಿದಳು. ಮಿಕ್ಕ 13,000 ಯಾವ ಲೆಕ್ಕಕ್ಕೆ?

ಎಂಟನೇ ರಾತ್ರಿ, 2 ಗಂಟೆ ಇರಬೇಕು. ಅತ್ತೆಯ ಗಂಟಲಲ್ಲಿ ಗೊರಗೊರ ಸದ್ದು ಶುರುವಾಯಿತು. ಹುಡುಗಿ ಹೆದರಿ ನಡುಮನೆಗೆ ಓಡಿಬಂದಳು. ಏಜೆನ್ಸಿಯವರಿಗೆ ಫೋನ್ ಹಚ್ಚಿದರೆ ‘ಐಸಿಯುಗೆ ಸೇರಿಸಿಬಿಡಿ ಮೇಡಂ’ ಅಂದರು. ಯಜಮಾನರು ಅಷ್ಟರಲ್ಲಿ 108ಕ್ಕೆ ಫೋನ್ ಮಾಡಿಯೂ ಆಗಿತ್ತು. ನಾದಿನಿ ಗಂಗಾಜಲವನ್ನು ಚಮಚಕ್ಕೆ ಬಗ್ಗಿಸಿಕೊಂಡು ನಿಂತಿದ್ದಳು.

ಹಿಂದಿನ ಬೀದಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಆಯಾ ಆಗಿ ನಿವೃತ್ತರಾದವರು. ನನ್ನ ಮಗ ಓಡಿಹೋಗಿ ಅವರನ್ನು ಎಬ್ಬಿಸಿಕೊಂಡು ಬಂದ. ಅವರು ಮೊದಲು ಆ ಚಮಚ ಕಿತ್ತುಕೊಂಡರು. ‘ನುಂಗೋಕಾಗಲ್ಲ ಕಣಮ್ಮ, ನೆತ್ತಿಗೆ ಹತ್ತುತ್ತೆ. ಹತ್ತಿ ಅದ್ದಿ ತುಟಿ ಒದ್ದೆ ಮಾಡು, ಸಾಕು.’ ಆಮೇಲೆ ಅತ್ತೆಯನ್ನು ಎಡಮಗ್ಗುಲಿಗೆ ತಿರುಗಿಸಿ ಬೆನ್ನಿಗೆ ದಿಂಬು ಕೊಟ್ಟರು. ಸದ್ದು ಅರ್ಧಕ್ಕರ್ಧ ಇಳಿಯಿತು. ‘ಕೇಳೋ ನಮಗೆ ಸಂಕಟ, ಅವ್ರಿಗೆ ಗೊತ್ತಾಗ್ತಿಲ್ಲ. ಇನ್ನೊಂದಷ್ಟು ಹೊತ್ತಿಗೆ ಕೈಕಾಲು ತಣ್ಣಗಾಗ್ತವೆ. ಕೈ ಹಿಡ್ಕೊಂಡು ಕೂತ್ಕೊಳ್ಳಿ.’ ಬಂದ ಆಂಬುಲೆನ್ಸನ್ನು ವಾಪಸ್ ಕಳಿಸಿದೆವು. ಸಂಜೆ ಆರಕ್ಕೆ ಅತ್ತೆ ಹೋದರು. ತಮ್ಮದೇ ಮಂಚ, ಮಗನ ಕೈ ಅವರ ಕೈಯಲ್ಲಿ.

ಅಜ್ಜಿಗೆ ದುಡ್ಡು ಕೊಡಲು ಹೋದರೆ ‘ಆಮೇಲೆ ನೋಡೋಣ’ ಅಂದರು. ಆ ಆಮೇಲೆ ಬರಲೇ ಇಲ್ಲ. ಅದೂ ನನಗೆ ಸರಿ ಕಾಣುತ್ತಿಲ್ಲ. ಹಿಂದೆ ಇದೆಲ್ಲ ಪುಕ್ಕಟೆ ನಡೀತಿತ್ತು ಅನ್ನುವವರು ಆ ಮನೆಗಳ ಸೊಸೆಯಂದಿರನ್ನು ಒಮ್ಮೆ ಕೇಳಲಿ. ನಾನೂ ಸೊಸೆಯೇ.

ಹೆರಿಗೆ ಮಾಡಿಸುವವಳಿಗೆ ನಮ್ಮಲ್ಲಿ ಸೂಲಗಿತ್ತಿ ಅನ್ನುವ ಹೆಸರಿದೆ. ಪಾವಗಡದ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು, ಎಲ್ಲರೂ ಹೆಮ್ಮೆಪಟ್ಟೆವು. ಈ ಕಡೆ ಬಾಗಿಲಲ್ಲಿ ಕೂರುವವಳನ್ನು ಏನಂತ ಕರೆಯುವುದು? ಅಮೆರಿಕದವರೂ ಡೌಲಾ ಅನ್ನುವ ಪದವನ್ನು ಮೊದಲು ಬಾಣಂತಿ ಕೋಣೆಗೇ ಬಳಸಿದ್ದು. ಅಲ್ಲೂ ಎಲ್ಲ ಸರಿಯಿಲ್ಲ ಅನ್ನಿ. ಗಂಟೆಗೆ ಸಾಮಾನ್ಯವಾಗಿ 25ರಿಂದ 100 ಡಾಲರ್. ವಯಸ್ಸಾದವರಿಗೆ ಸರ್ಕಾರ ಕೊಡುವ ಮೆಡಿಕೇರ್, ಹಾಸ್ಪೈಸ್ ಅಂದರೆ ಕೊನೆಗಾಲದ ಆರೈಕೆಯ ನರ್ಸಿಗೂ ಔಷಧಕ್ಕೂ ದುಡ್ಡು ಕೊಡುತ್ತದೆ, ಡೌಲಾಗೆ ಕೊಡುವುದಿಲ್ಲ. ಲೈಸೆನ್ಸೂ ಬೇಕಿಲ್ಲ, ಯಾರು ಬೇಕಾದರೂ ಬೋರ್ಡು ಹಾಕಿಕೊಳ್ಳಬಹುದು.

ನಮ್ಮ ಲೆಕ್ಕ ಇನ್ನೂ ವಿಚಿತ್ರ. ಅವತ್ತು ರಾತ್ರಿ ಐಸಿಯುಗೆ ಸೇರಿಸಿದ್ದರೆ ನಮ್ಮ ಮೆಡಿಕ್ಲೇಮ್ ಪಾಲಿಸಿ 5 ಲಕ್ಷದವರೆಗೆ ಕಟ್ಟುತ್ತಿತ್ತು. ಮನೆಯಲ್ಲಿ ಸತ್ತದ್ದಕ್ಕೆ ಒಂದು ರೂಪಾಯಿಯೂ ಇಲ್ಲ. ಸುಮ್ನೆ ಕೇಳುತ್ತೇನೆ, ಇಂಥ ಲೆಕ್ಕ ಇದ್ದರೆ ಜನ ಯಾವ ಕಡೆ ಓಡುತ್ತಾರೆ?

ವೆಂಟಿಲೇಟರ್ ಬೇಡ ಎಂದು ಮೊದಲೇ ಬರೆದಿಡಬಹುದು ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿತು. 2023ರಲ್ಲಿ ನಿಯಮ ಸರಳ ಮಾಡಿತು. ನಮ್ಮ ರಾಜ್ಯ ಸರ್ಕಾರ 2025ರ ಜನವರಿಯಲ್ಲಿ ಅದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ಒಳ್ಳೆಯದೇ. ಆದರೆ ‘ಬೇಡ’ ಅಂದು ಮನೆಗೆ ಬಂದವರ ಜೊತೆ ರಾತ್ರಿ 2 ಗಂಟೆಗೆ ಯಾರಿರಬೇಕು, ಆ ಖರ್ಚು ಯಾರದು? ಕೇರಳದಲ್ಲಿ 2008ರಲ್ಲೇ ಇದಕ್ಕೊಂದು ನೀತಿ ಬಂತು. ಪಂಚಾಯಿತಿ ಕಡೆಯ ನರ್ಸ್ ಮನೆಗೇ ಬರುತ್ತಾಳೆ. ನಮ್ಮಲ್ಲಿ ಬೆಂಗಳೂರಿನ ಕರುಣಾಶ್ರಯ ಕ್ಯಾನ್ಸರ್ ರೋಗಿಗಳಿಂದ ಒಂದು ಪೈಸೆ ಇಸ್ಕೊಳ್ಳದೆ ನೋಡಿಕೊಳ್ಳುತ್ತಿದೆ. ನಮ್ಮ ಮೈಸೂರಲ್ಲೇ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನವರ ಪ್ಯಾಲಿಯೇಟಿವ್ ಸೇವೆ, ಅಂದರೆ ರೋಗಿಯ ನೋವು ಸಂಕಟ ತಗ್ಗಿಸುವ ಆರೈಕೆ, ಇದೆ. ನನಗೆ ಅದು ಗೊತ್ತಾಗಿದ್ದು ಅತ್ತೆ ಹೋದ ಮೇಲೆ. ಡಿಸ್ಚಾರ್ಜ್ ಚೀಟಿಯಲ್ಲಿ ಒಂದು ಸಾಲು ಬರೆದಿದ್ದರೆ ಸಾಕಿತ್ತು.

ಆಯುಷ್ಮಾನ್ ಆರೋಗ್ಯ ಮಂದಿರ ಅನ್ನುವ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸಿಗಬೇಕಾದ 12 ಸೇವೆಗಳ ಪಟ್ಟಿಯಲ್ಲಿ ಮುಪ್ಪಿನ ಆರೈಕೆ, ಪ್ಯಾಲಿಯೇಟಿವ್ ಆರೈಕೆ ಈಗಾಗಲೇ ಇದೆ. ಆ ಪಟ್ಟಿಯನ್ನು ಗೋಡೆ ಮೇಲಿಂದ ಇಳಿಸಿ ನಮ್ಮ ಬೀದಿಗೆ ತರಲಿ. ಆಶಾ ಕಾರ್ಯಕರ್ತೆಯರಿಗೆ ಈ ಹತ್ತಿ, ದಿಂಬಿನ ಪಾಠ ಹೇಳಿಕೊಡಲಿ, ಅದಕ್ಕೆ ಬೇರೆಯಾಗಿ ದುಡ್ಡೂ ಕೊಡಲಿ. ಈಗಲೇ ಅವರ ತಲೆ ಮೇಲೆ ಹೊರೆ ಜಾಸ್ತಿ. ಏಜೆನ್ಸಿಗಳು ಎಷ್ಟು ತೆಗೆದುಕೊಳ್ಳುತ್ತವೆ, ಅದರಲ್ಲಿ ಕೆಲಸದವಳಿಗೆ ಎಷ್ಟು, ರೋಗಿ ಮಧ್ಯದಲ್ಲೇ ತೀರಿಕೊಂಡರೆ ವಾಪಸ್ ಎಷ್ಟು ಎಂದು ರಸೀದಿಯಲ್ಲೇ ಬರೆಯುವ ನಿಯಮ ಬರಲಿ.

ಕೊನೆಯದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನಮ್ಮ ಉಳಿದ 21 ದಿನದ 19,600 ರೂಪಾಯಿ ಇವತ್ತಿಗೂ ಬಂದಿಲ್ಲ. ತಿಥಿಯ ದಿನ ಪಂಕ್ತಿಯಲ್ಲಿ ಬಡಿಸುತ್ತಿದ್ದಾಗ ಏಜೆನ್ಸಿಯಿಂದ ಫೋನ್ ಬಂತು. ಹಣ ವಾಪಸ್ ಕೊಡಲು ಅಂದುಕೊಂಡೆ. ‘ಪೇಶೆಂಟ್ ಹೇಗಿದ್ದಾರೆ ಮೇಡಂ? ಮುಂದಿನ ತಿಂಗಳೂ ಕಂಟಿನ್ಯೂ ಮಾಡ್ತೀರಾ?’

— ನಿವೃತ್ತ ಬ್ಯಾಂಕ್ ಉದ್ಯೋಗಿ, ಮೈಸೂರು