ಮಂಗಳವಾರ ಮನೋವೈದ್ಯರ ಮುಂದೆ ಕೂರುವ ನನ್ನ ತಂಗಿಗಾಗಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರಗಳು. ಕೊಪ್ಪಳ ಜಿಲ್ಲೆಯ ಹಳ್ಳಿಯೊಂದರಿಂದ ಬರೆಯುತ್ತಿದ್ದೇನೆ. ನನ್ನ ತಂಗಿ ಲಿಂಗತ್ವ ಅಲ್ಪಸಂಖ್ಯಾತೆ. ಗಂಡು ಮಗುವೆಂದು ಮನೆಯವರು ಇಟ್ಟ ಹೆಸರನ್ನು ಅವಳು ಎಂದೋ ಬಿಟ್ಟಿದ್ದಾಳೆ. ಅವಳಿಗಾಗಿ ಕೊಟ್ಟ ಅರ್ಜಿಗಳಿಗೆ ಉತ್ತರವಿಲ್ಲ. ಆದ್ದರಿಂದ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಕೇಳುವುದು ಒಂದೇ. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಮನೋವೈದ್ಯರಿಗೆ, ಆಪ್ತಸಮಾಲೋಚಕರಿಗೆ, ಚೀಟಿ ಬರೆಯುವವರಿಗೆ ಕೂಡ, ಹಳ್ಳಿಯ ಲಿಂಗತ್ವ ಅಲ್ಪಸಂಖ್ಯಾತರನ್ನು ನೋಡಿಕೊಳ್ಳುವ ತರಬೇತಿ ಕೊಡಿಸಿ.

ತಂಗಿ ಊಟ ಬಿಟ್ಟು ಸಾಯುವ ಮಾತು ಆಡತೊಡಗಿದಾಗ ಅವಳನ್ನು ಅಂಥ ಒಂದು ಆಸ್ಪತ್ರೆಗೆ ಕರೆದೊಯ್ದೆ. ಸರದಿ ಬಂದಾಗ ಹಳೆಯ ಹೆಸರನ್ನು ಗಟ್ಟಿಯಾಗಿ ಕೂಗಿದರು. ಸೀರೆಯುಟ್ಟ ಅವಳು ಎದ್ದು ನಿಂತಳು, ಸಾಲಿನಲ್ಲಿದ್ದವರು ನಕ್ಕರು. ಒಳಗೆ, ಬಾಗಿಲು ತೆರೆದೇ ಇತ್ತು. ಹೀಗೇಕೆ ಇದ್ದೀಯ ಎಂದು ವೈದ್ಯರು ಕೇಳಿದರು. "ಎಲ್ಲಮ್ಮ ನನ್ನನ್ನು ಹಿಡಿದಿದ್ದಾಳೆ" ಎಂದಳು. ನಮ್ಮ ಸೀಮೆಯಲ್ಲಿ ಇಂಥ ಮಕ್ಕಳು ತಮ್ಮನ್ನು ಹೇಳಿಕೊಳ್ಳಲು ಸಿಗುವ ಮಾತೇ ಇದು. ಸವದತ್ತಿಗೋ ಹುಲಿಗಿಗೋ ಹೋಗಿ ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ಹೆಣ್ಣಾಗಿ ಬಾಳುವ ಜೋಗಪ್ಪಗಳು ಊರೂರಿನಲ್ಲಿದ್ದಾರೆ. ವೈದ್ಯರು ಅದನ್ನು ಭ್ರಮೆ ಎಂದು ಬರೆದು ಮಾತ್ರೆ ಕೊಟ್ಟರು. ನನ್ನತ್ತ ತಿರುಗಿ, "ಮದುವೆ ಮಾಡಿ, ಸರಿಹೋಗುತ್ತಾನೆ" ಎಂದರು. ಸಾಯಬೇಕೆನಿಸುತ್ತಿದೆಯೇ ಎಂದು ಮಾತ್ರ ಕೇಳಲೇ ಇಲ್ಲ. ನಾವು ಬಂದದ್ದು ಅದಕ್ಕೇ! ಮಾತ್ರೆಯ ಮಂಪರಿನಲ್ಲಿ ಅವಳು ಕೂಲಿಗೂ ಹೋಗಲಾರದೆ ಬಿದ್ದಿದ್ದಳು. ಇತ್ತ ಅಪ್ಪ, "ಡಾಕ್ಟರೇ ಹೇಳಿದ್ದಾರೆ" ಎಂದು ಹೆಣ್ಣು ಹುಡುಕತೊಡಗಿದರು.

ಕಾನೂನು ನಿಮಗೆ ಗೊತ್ತಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಂ ಲಿಂಗ, ಲಿಂಗತ್ವದ ಹೆಸರಿನಲ್ಲಿ ತಾರತಮ್ಯ ಮಾಡದೆ ಚಿಕಿತ್ಸೆ ಕೊಡಬೇಕು ಎನ್ನುತ್ತದೆ. ವೈದ್ಯಕೀಯ ಪಠ್ಯಕ್ರಮವನ್ನು ಪರಿಶೀಲಿಸಬೇಕೆಂದು 2019ರ ಲಿಂಗತ್ವ ಅಲ್ಪಸಂಖ್ಯಾತರ ಕಾಯ್ದೆಯೇ ಸರ್ಕಾರಗಳಿಗೆ ಹೇಳಿದೆ. ಲಿಂಗತ್ವವನ್ನು 'ಸರಿಪಡಿಸುವ' ಚಿಕಿತ್ಸೆ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿತು. ಇವೆಲ್ಲ ನಮ್ಮ ತಾಲ್ಲೂಕನ್ನು ತಲುಪುವುದು ಯಾವಾಗ? ತಂಗಿಯಂತೆಯೇ ಲಿಂಗತ್ವ ಅಲ್ಪಸಂಖ್ಯಾತೆಯಾದ ಮಂಜಮ್ಮ ಜೋಗತಿಯವರನ್ನು ಜಾನಪದ ಅಕಾಡೆಮಿಯ ಅಧ್ಯಕ್ಷರನ್ನಾಗಿಸಿದ ರಾಜ್ಯ ಇದು. ಅವರಿಗೆ ಪದ್ಮಶ್ರೀ ಬಂದಾಗ ತಂಗಿ ಟಿವಿಯ ಮುಂದೆ ಅತ್ತಿದ್ದಳು. ಅದೇ ರಾಜ್ಯದ ಆಸ್ಪತ್ರೆಯಲ್ಲಿ ಅವಳಿಗೆ ಕುರ್ಚಿಯನ್ನೂ ಕೊಡಲಿಲ್ಲ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, 14416ಕ್ಕೆ ಕರೆ ಮಾಡಿ ಎನ್ನುತ್ತಾರೆ. ಒಳ್ಳೆಯ ಸೇವೆಯೇ. ಆದರೆ ಒಂದೇ ಕೋಣೆಯ ಮನೆಯಲ್ಲಿ, ಅಪ್ಪ ಕೇಳಿಸಿಕೊಳ್ಳುತ್ತಿರುವಾಗ, ಅವಳು ಏನು ಮಾತಾಡಬೇಕು? ಎದುರು ಕೂತು ಕೇಳುವ ಮನುಷ್ಯರು ಬೇಕು. ಅವರಿಗೆ ತರಬೇತಿ ಬೇಕು.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ ಹುಟ್ಟಿದ್ದು ಪಕ್ಕದ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ. ನಿಮ್ಹಾನ್ಸ್ ಅಂದು ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗ ಗುರುತಿಸುವುದನ್ನು ಕಲಿಸಿತು. ಅಂದು ಆದದ್ದು ಇಂದು ಏಕಾಗದು? ತರಬೇತಿ ಬೆಂಗಳೂರಿನ ಸಭಾಂಗಣದಲ್ಲಿ ಒಂದು ದಿನದ ಭಾಷಣವಾಗಿ ಮುಗಿಯಬಾರದು. ಜೋಗಪ್ಪಗಳು, ಲಿಂಗತ್ವ ಅಲ್ಪಸಂಖ್ಯಾತರೇ ಕಲಿಸುವವರಾಗಿ ಬರಲಿ. ಅವರಿಗೆ ಗೌರವಧನ ಕೊಡಿ. ದೇವಿಯ ಮಾತಾಡಿದವರಿಗೆಲ್ಲ ಭ್ರಮೆಯಿಲ್ಲ ಎಂಬುದನ್ನು ಅವರಿಂದ ಕಲಿಯಲಿ. ಮನೆಯವರೊಡನೆ ಹೇಗೆ ಮಾತಾಡಬೇಕೆಂಬುದನ್ನೂ ಕಲಿಯಲಿ, ಏಕೆಂದರೆ ನಮ್ಮಲ್ಲಿ ವೈದ್ಯರ ಒಂದು ಮಾತಿಗೆ ಮದುವೆಯೇ ನಿಶ್ಚಯವಾಗಿಬಿಡುತ್ತದೆ.

ಕೊಪ್ಪಳ ಜಿಲ್ಲೆಯಲ್ಲಿ ಈ ತರಬೇತಿ ಯಾವ ತಿಂಗಳು ಆರಂಭವಾಗುತ್ತದೆ, ಯಾರ ಹೊಣೆ, ಎಂಬುದನ್ನು ಬರಹದಲ್ಲಿ ತಿಳಿಸಿ. "ಪರಿಶೀಲಿಸಲಾಗುವುದು" ಎಂಬ ಉತ್ತರ ನನಗೆ ಬೇಡ. ಅವಳನ್ನು ಮತ್ತೆ ಆಸ್ಪತ್ರೆಗೆ ಕರೆದೊಯ್ಯಬೇಕಾಗಿದೆ, ಆದರೆ ಅವಳು ಒಪ್ಪುತ್ತಿಲ್ಲ. ಬಾ ಎಂದು ಒತ್ತಾಯಿಸಲು ನನಗೂ ಬಾಯಿ ಬರುತ್ತಿಲ್ಲ.

ಇಂತಿ,
ಕೊಪ್ಪಳ ಜಿಲ್ಲೆಯ ಒಬ್ಬ ಅಕ್ಕ