ಅಣ್ಣಾ, ಜಾತ್ರೆಗಾಗಿ ಕರೆಂಟ್ ತಪ್ಪಿಸಬೇಡ

ಮ್ಯಾಂಚೆಸ್ಟರ್

ಅಣ್ಣನಿಗೂ ವೈನಿಗೂ ನಮಸ್ಕಾರ. ನಾನು ಆರಾಮ ಇದ್ದೇನೆ. ಫೋನಿನಲ್ಲಿ ಎಲ್ಲಾ ಹೇಳಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪನ ಬಾಯಿಯ ಕ್ಯಾನ್ಸರಿಗೆ ಬೆಳಗಾವಿಯಲ್ಲಿ ಹಿಡಿಸುತ್ತಿರುವ ಕರೆಂಟಿನಿಂದ, ಅಂದರೆ ರೇಡಿಯೇಷನ್ ಕಿರಣದ ಚಿಕಿತ್ಸೆಯಿಂದ, ಬಾಯೆಲ್ಲ ಹುಣ್ಣಾಗಿದೆ, ಎಂಟು ದಿನ ಬೆಳಗಾವಿ ಬಿಟ್ಟು ಗುಳೇದಗುಡ್ಡಕ್ಕೆ ಬಂದು, ಬನಶಂಕರಿ ಜಾತ್ರೆ ಮುಗಿಸಿ ಮತ್ತೆ ಕರೆಂಟ್ ಹಿಡಿಸೋಣ ಅಂದೆಯಲ್ಲ. ದಯವಿಟ್ಟು ಬೇಡ.

ಆ ಕಿರಣ ಜೀವಕೋಶದ ಒಳಗಿನ ಡಿಎನ್‌ಎ ಎಳೆಗಳನ್ನು ತುಂಡು ಮಾಡುತ್ತದೆ. ಗಡ್ಡೆಯ ಕೋಶಕ್ಕೂ ಪೆಟ್ಟು, ಪಕ್ಕದ ಒಳ್ಳೆಯ ಕೋಶಕ್ಕೂ ಪೆಟ್ಟು. ಒಳ್ಳೆಯ ಕೋಶ ಮರುದಿನದ ಹೊತ್ತಿಗೆ ಬಹುಪಾಲು ರಿಪೇರಿ ಮಾಡಿಕೊಳ್ಳುತ್ತದೆ. ಗಡ್ಡೆಯ ಕೋಶಕ್ಕೆ ಸಾಮಾನ್ಯವಾಗಿ ಅಷ್ಟು ಚೆನ್ನಾಗಿ ಆಗುವುದಿಲ್ಲ. ಮುರಿದ ಡಿಎನ್‌ಎ ಇಟ್ಟುಕೊಂಡೇ ಎರಡಾಗಲು ಹೋಗಿ ಸಾಯುತ್ತದೆ. 70 ಗ್ರೇ (ಗ್ರೇ ಅಂದರೆ ಕಿರಣದ ಅಳತೆ) ಒಂದೇ ಸಲ ಕೊಡದೆ ದಿನಕ್ಕೆ 2ರಂತೆ 35 ಸಲಕ್ಕೆ ಹಂಚಿರುವುದು ಇದಕ್ಕೇ.

ಅಪ್ಪನಿಗೆ ಟಗರು ಅಂದರೆ ಪ್ರಾಣ, ಇದನ್ನು ಹೇಳು. 1920ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಕ್ಲೋಡಿಯಸ್ ರೆಗೋ ಅನ್ನುವವರು ಟಗರಿನ ಬೀಜಕ್ಕೆ ಕಿರಣ ಕೊಟ್ಟು ನೋಡಿದರು. ಒಂದೇ ಸಲ ಕೊಟ್ಟರೆ ಮೇಲಿನ ಚರ್ಮ ಹಾಳಾಗದೆ ಸಂತಾನ ಶಕ್ತಿ ಹೋಗುತ್ತಿರಲಿಲ್ಲ. ದಿನಗಳಿಗೆ ಹಂಚಿ ಕೊಟ್ಟಾಗ ಆ ಕೆಲಸವೂ ಆಯಿತು, ಚರ್ಮವೂ ಉಳಿಯಿತು.

ಹಂಚಿ ಕೊಡುವುದರಲ್ಲಿ ಇನ್ನೊಂದು ಲಾಭ ಇದೆ. ಗಡ್ಡೆಯ ನಡುವೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಆಕ್ಸಿಜನ್ ಇಲ್ಲದ ಕೋಶವನ್ನು ಕೊಲ್ಲಲು ಸುಮಾರು ಮೂರು ಪಟ್ಟು ಕಿರಣ ಬೇಕು. ಹೊರಗಿನ ಕೋಶಗಳು ಸಾಯುತ್ತಾ ಹೋದಂತೆ ಒಳಗಿನವಕ್ಕೆ ಆಕ್ಸಿಜನ್ ಸಿಗುತ್ತದೆ, ಮುಂದಿನ ಕಿರಣಕ್ಕೆ ಅವೂ ಸಿಕ್ಕಿಬೀಳುತ್ತವೆ. ಅಪ್ಪ ಒಂದು ಬೀಡಿಯನ್ನೂ ಸೇದಬಾರದು ಅಂತ ನಾನು ಹಟ ಹಿಡಿಯುವುದು ಅದಕ್ಕೇ. ಆ ಹೊಗೆ ರಕ್ತದಲ್ಲಿನ ಆಕ್ಸಿಜನ್ ಕಡಿಮೆ ಮಾಡುತ್ತದೆ.

ಹುಣ್ಣಿನ ನೋವು ಎಷ್ಟಿರುತ್ತದೆ ಅಂತ ನನಗೆ ಗೊತ್ತು. ಬಾಯಿಯ ಒಳಚರ್ಮ ಸದಾ ಸವೆದು ಹೊಸದಾಗಿ ಹುಟ್ಟುತ್ತಿರುತ್ತದೆ. ಹಾಗೆ ಬೇಗ ಹುಟ್ಟುವ ಕೋಶಗಳಲ್ಲಿ ಪೆಟ್ಟೂ ಬೇಗ ಕಾಣುತ್ತದೆ, ಎರಡನೇ ಮೂರನೇ ವಾರಕ್ಕೇ. ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಸಾಮಾನ್ಯವಾಗಿ ಮಾಯುತ್ತದೆ. ಬಾಯಿ ಒಣಗುವುದು ಮಾತ್ರ ಬಹಳ ದಿನ ಉಳಿಯಬಹುದು. ದವಡೆಯ ಎಲುಬಿನ ತೊಂದರೆ ವರ್ಷಗಳಾದ ಮೇಲೂ ಬರಬಹುದು. ಮುಂದೆ ಯಾವಾಗ ಹಲ್ಲು ಕೀಳಿಸಬೇಕಾದರೂ ಮೊದಲು ಈ ಡಾಕ್ಟರನ್ನೇ ಕೇಳಿ.

ಈಗ ನಾಲ್ಕನೇ ವಾರ, ನನ್ನ ಚಿಂತೆ ಇರುವುದೇ ಇಲ್ಲಿ. ಬಾಯಿಯ ಕ್ಯಾನ್ಸರಿನಲ್ಲಿ ಉಳಿದ ಕೋಶಗಳು ಈ ಹೊತ್ತಿಗೆ ಮೊದಲಿಗಿಂತ ಜಾಸ್ತಿ ವೇಗದಲ್ಲಿ ಬೆಳೆಯಲು ಶುರು ಮಾಡುತ್ತವೆ. ಶನಿವಾರ ಭಾನುವಾರದ ರಜೆ ಡಾಕ್ಟರ ಲೆಕ್ಕದಲ್ಲೇ ಇದೆ. ಎಂಟು ದಿನ ಬಿಟ್ಟರೆ ಹುಣ್ಣು ಸ್ವಲ್ಪ ಮಾಯಬಹುದು, ಆದರೆ ಗಡ್ಡೆಯೂ ಚೇತರಿಸಿಕೊಳ್ಳುತ್ತದೆ ಅಲ್ವಾ? ಮಷೀನ್ ಕೆಟ್ಟು ಒಂದು ದಿನ ತಪ್ಪಿದರೂ ಅದನ್ನು ಹೇಗೆ ತುಂಬಿಸುತ್ತೀರಿ ಅಂತ ಕೇಳು.

ನಾಳೆಯೇ ನೋವಿನ ಔಷಧಿ ಹೆಚ್ಚಿಸಲು ಕೇಳು. ವೈನಿ, ಖಾರ ಪೂರ್ತಿ ಬಿಟ್ಟುಬಿಡಿ. ನುಚ್ಚು ಮೆತ್ತಗೆ ಬೇಯಿಸಿ, ಹುಳಿ ಇಲ್ಲದ ಮಜ್ಜಿಗೆ ಹಾಕಿ, ಆರಿಸಿ ಕೊಡಿ. ಅದೂ ನುಂಗಲು ಆಗದಿದ್ದರೆ ಮೂಗಿನಿಂದ ಊಟ ಕೊಡುವ ನಳಿಗೆಗೆ ಹೆದರಬೇಡಿ. ತೂಕ ಇಳಿಯಬಾರದು.

ಬನಶಂಕರಿಗೆ ಈ ಸಲ ನೀನೊಬ್ಬನೇ ಹೋಗಿ ಕಾಯಿ ಒಡೆಸಿಕೊಂಡು ಬಾ. ಅಪ್ಪ ಬೆಳಗಾವಿಯಲ್ಲೇ ಇರಲಿ. ಡಾಕ್ಟರು ಏನಂದರು ಅಂತ ನಾಳೆ ರಾತ್ರಿ ಫೋನ್ ಮಾಡು.

ನಿನ್ನ ತಂಗಿ